ಆಮ್‌ಸ್ಟರ್‌ಡಾಮಿನ ಅಟ್ಟದ ಚರ್ಚ್: ಅರ್ಧ ದಿನ ಮೀಸಲಿಡಬಹುದೇ?

ಪ್ರಶ್ನೆ:
ಮುಂದಿನ ತಿಂಗಳು ಆಮ್‌ಸ್ಟರ್‌ಡಾಮಿನಲ್ಲಿ ಎರಡು ದಿನ ತಂಗಲಿದ್ದೇವೆ. ಕಾಲುವೆ ದಂಡೆಯ ಹಳೆಯ ಮನೆಯೊಂದರ ಅಟ್ಟದಲ್ಲಿ ಗುಟ್ಟಾಗಿ ಕಟ್ಟಿದ ಚರ್ಚ್ ಇದೆಯೆಂದೂ, ಆ ಮನೆಯೇ ಈಗ ‘ಓನ್ಸ್ ಲೀವೆ ಹೀರ್ ಒಪ್ ಸೋಲ್ಡರ್’ ಎಂಬ ವಸ್ತುಸಂಗ್ರಹಾಲಯವೆಂದೂ ಓದಿದೆ. ಜೊತೆಗೆ ಬರುವ ತಾಯಿಯವರಿಗೆ ಮೊಣಕಾಲು ನೋವಿದೆ. ದೊಡ್ಡ ಸಂಗ್ರಹಾಲಯಗಳನ್ನು ಬಿಟ್ಟು ಹೋಗುವಷ್ಟು ವಿಶೇಷ ಅಲ್ಲೇನಿದೆ? ನೋಡಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1:
ಖಂಡಿತ ಹೋಗಿ. ಆದರೆ ‘ಗುಟ್ಟು’ ಎಂಬ ಮಾತನ್ನು ಅಷ್ಟಾಗಿ ನಂಬಬೇಡಿ. 1578ರಲ್ಲಿ ನಗರದ ಆಡಳಿತ ಪ್ರಾಟೆಸ್ಟಂಟರ ಕೈಸೇರಿದ ಮೇಲೆ ಕ್ಯಾಥೊಲಿಕರ ಬಹಿರಂಗ ಪೂಜೆಗೆ ನಿಷೇಧ ಬಂತು. ಆದರೂ ಬೀದಿಯಿಂದ ನೋಡಿದರೆ ಚರ್ಚಿನ ಕುರುಹು ಕಾಣದಿದ್ದರೆ ಸಾಕೆಂದು ಅಧಿಕಾರಿಗಳು ಗೊತ್ತಿದ್ದೂ ಸುಮ್ಮನಿರುತ್ತಿದ್ದರು. ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ 1661ರಲ್ಲಿ ಈ ಮನೆಯನ್ನು ಕೊಂಡು, ಇದರ ಮತ್ತು ಹಿಂದಿನ ಎರಡು ಮನೆಗಳ ಅಟ್ಟಗಳನ್ನು ಸೇರಿಸಿ, 1663ರ ಹೊತ್ತಿಗೆ ಚರ್ಚನ್ನು ಪೂರೈಸಿದ. ಕೆಳಗಿನ ಅಡುಗೆಮನೆ, ಪಡಸಾಲೆ, ಮೆಟ್ಟಿಲ ಪಕ್ಕದಲ್ಲಿ ಪಾದ್ರಿ ಮಲಗುತ್ತಿದ್ದ ಗೂಡಿನಂಥ ಕೋಣೆ ಇವನ್ನೆಲ್ಲ ದಾಟಿ ಮೇಲೇರಿದವರ ಮುಂದೆ, ಕಬ್ಬಿಣದ ಸರಳುಗಳಿಂದ ತೂಗುಹಾಕಿದ ಉಪ್ಪರಿಗೆಗಳ ನಡುವೆ, ಇಡೀ ಚರ್ಚೇ ತೆರೆದುಕೊಳ್ಳುತ್ತದೆ. ಬಲಿಪೀಠದ ಎಡಗಂಬದ ಬುಡವನ್ನು ಮರೆಯದೆ ನೋಡಿ: ಉಪದೇಶ ಪೀಠವನ್ನು ಅದರೊಳಗೇ ಮಡಚಿಟ್ಟಿದ್ದಾರೆ. ಇಕ್ಕಟ್ಟಿನಲ್ಲಿ ಬಾಳಿದವರ ಜಾಣ್ಮೆ ನನಗೆ ಅಲ್ಲಿನ ಬೆಳ್ಳಿಯ ಪೂಜಾಪಾತ್ರೆಗಳಿಗಿಂತ ಈ ಒಂದು ಮರದ ಕೆಲಸದಲ್ಲೇ ಹೆಚ್ಚು ಕಂಡಿತು.

ಉತ್ತರ 2:
ಮೇಲಿನವರು ತಾಯಿಯವರ ಮೊಣಕಾಲನ್ನು ಮರೆತಂತಿದೆ. ಹಳೆಯ ಮನೆಯ ಮೆಟ್ಟಿಲುಗಳು ಕಡಿದಾಗಿವೆ, ಕಿರಿದಾಗಿವೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಓಣಿಯ ಆಚೆಗಿನ ಕಟ್ಟಡವನ್ನು 2015ರಲ್ಲಿ ಪ್ರವೇಶದ್ವಾರವಾಗಿ ತೆರೆದು, ನೆಲದಡಿಯ ದಾರಿಯಿಂದ ಮನೆಗೆ ಜೋಡಿಸಿದ್ದಾರೆ. ತಾಯಿಯವರು ಅಲ್ಲಿನ ಕೆಫೆಯಲ್ಲಿ ಕುಳಿತಿರಬಹುದು.

ಉತ್ತರ 3:
ಕೆಲವೇ ಹೆಜ್ಜೆ ದೂರದಲ್ಲಿರುವ ಔಡೆ ಕೆರ್ಕ್ ಎಂಬ ಹಳೆಯ ಚರ್ಚಿಗೂ ಅದೇ ದಿನ ಹೋಗಿ. 1578ರಲ್ಲಿ ಕ್ಯಾಥೊಲಿಕರ ಕೈತಪ್ಪಿದ ಚರ್ಚುಗಳಲ್ಲಿ ಅದೂ ಒಂದು. ಆ ವಿಶಾಲವಾದ ಬರಿಗೋಡೆಗಳನ್ನು ಮೊದಲು ಕಂಡರೆ ಅಟ್ಟದ ಚರ್ಚು ಏಕೆ ಬೇಕಾಯಿತೆಂದು ಯಾರೂ ವಿವರಿಸಬೇಕಾಗುವುದಿಲ್ಲ. ಸುತ್ತಲಿನ ಬೀದಿಗಳು ಕೆಂಪುದೀಪದ ಬಡಾವಣೆಗೆ ಸೇರಿದವು. ಹಿರಿಯರೊಡನೆ ಹೋಗುವುದಾದರೆ ಬೆಳಿಗ್ಗೆಯೇ ಹೊರಡುವುದು ಒಳಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ತಾಯಿಯವರನ್ನು ಔಡೆ ಕೆರ್ಕ್‌ಗೆ ಕರೆದೊಯ್ದು, ಅಟ್ಟಕ್ಕೆ ನಾನೊಬ್ಬನೇ ಹತ್ತುತ್ತೇನೆ.