ಸೂರ್ಯಕಾಂತಿ ಮುಗಿದ ಮೇಲೆ ರೆಕ್ಕೆ ಮುದುಡಿದ ಜೇನುಹುಳ: 24 ಮೆಲ್ಲಿಫೆರಾ, 3 ತುಡುವೆ, ಕುಷ್ಟಗಿ ಸೀಮೆ

ಕುಷ್ಟಗಿ_ಪೆಟ್ಟಿಗೆ | 3 ಮಾರ್ಚ್, ರಾತ್ರಿ 9.10

ಎಲ್ಲರಿಗೂ ನಮಸ್ಕಾರ್ರಿ. 24 ಮೆಲ್ಲಿಫೆರಾ (ಯುರೋಪಿನ ಜೇನು), 3 ತುಡುವೆ (ನಮ್ಮ ನಾಡಜೇನು) ಪೆಟ್ಟಿಗೆ ಅದಾವ. ಮೆಲ್ಲಿಫೆರಾ ಜನವರಿ ತುಂಬ ಸೂರ್ಯಕಾಂತಿ ಹೊಲದಾಗ ಇದ್ದವು. ಈಗ 20 ದಿನ ಆತು, ದಾಳಿಂಬೆ ತೋಟದ ಬದುವಿಗೆ ಇಳಿಸೀನಿ. ಬಾಜೂಕ ಮೆಣಸಿನಕಾಯಿ ಹೊಲ ಐತಿ.

ಬೆಳಿಗ್ಗೆ ಬಾಗಿಲ ಮುಂದ ಎಳೆ ಹುಳ ತೆವಳತಾವ, ಹಾರಂಗಿಲ್ಲ. ರೆಕ್ಕಿ ಬೆಂಕಿಗೆ ಹಿಡಿದ ಪ್ಲಾಸ್ಟಿಕ್ ಹಾಳಿ ಹಂಗ ಮುದುಡ್ಯಾವ, ಹೊಟ್ಟಿ ಗಿಡ್ಡ. 9 ಪೆಟ್ಟಿಗೆಯೊಳಗ ಹಿಂಗ, ಉಳಿದವು ಮೇಲ್ನೋಟಕ್ಕ ಚಲೋ ಅದಾವ. ಮರಿ ಎರಿ (ಮರಿ ಬೆಳೆಯೋ ಮೇಣದ ಹಲ್ಲೆ) ಒಂದೇ ಸಮ ಇಲ್ಲ, ಅಲ್ಲಲ್ಲಿ ಖಾಲಿ ಕೋಣೆ, ಕೆಲವು ಮುಚ್ಚಳಕ್ಕ ಸಣ್ಣ ತೂತು. ಕೆಟ್ಟ ವಾಸನೆ ಇಲ್ಲ.

ತುಡುವೆ ಮನಿ ಪಡಸಾಲಿಯಾಗ ಅದಾವ. ಒಂದರಾಗ ಮರಿಹುಳ ತಲಿ ಮ್ಯಾಲ ಎತ್ತಿ ಕೋಣೆಯೊಳಗ ನೆಟ್ಟಗ ಸತ್ತಾವ. ಚಿಮಟದಿಂದ ಎತ್ತಿದರ ನೀರು ತುಂಬಿದ ಚೀಲದಂಗ ಬರತೈತಿ.

ಅಂಗಡಿಯವರು ಪಾಕದಾಗ ಟೆಟ್ರಾಸೈಕ್ಲಿನ್ ಹಾಕ್ರಿ ಅಂದ್ರು. ಪೆಟ್ಟಿಗೆಗೆ ಎಷ್ಟು ಹಾಕಬೇಕು? ಅಥವಾ ಇದು ಮೆಣಸಿನಕಾಯಿಗೆ ಔಷಧಿ ಹೊಡೆದದ್ದಕ್ಕ ಆಗಿರಬಹುದಾ?

ಎರಿಹೊಲ | 3 ಮಾರ್ಚ್, ರಾತ್ರಿ 10.05

ಟೆಟ್ರಾಸೈಕ್ಲಿನ್ ಒಂದು ಚಿಟಿಕೆಯೂ ಬೇಡ ಸರ. ಅದು ಬ್ಯಾಕ್ಟೀರಿಯಾಕ್ಕೆ. ನಿಮ್ಮ ಪೆಟ್ಟಿಗೆಗಳಲ್ಲಿ ಕಾಣುತ್ತಿರುವುದು ವೈರಸ್. ಗುಣವಂತೂ ಆಗುವುದಿಲ್ಲ, ಜೇನಿನಲ್ಲಿ ಅದರ ಉಳಿಕೆ ಮಾತ್ರ ಸೇರುತ್ತದೆ.

ನೀವು ಹೇಳಿದ್ದು ಎರಡು ಬೇರೆ ರೋಗ. ಮೆಲ್ಲಿಫೆರಾದ್ದು ರೆಕ್ಕೆ ಮುದುಡುವ ವೈರಸ್. ತುಡುವೆಯದ್ದು ಥಾಯ್ ಸ್ಯಾಕ್‌ಬ್ರೂಡ್, ಅಂದರೆ ಚೀಲಮರಿ ರೋಗ. ಎರಡಕ್ಕೂ ಔಷಧಿ ಇಲ್ಲ, ಎರಡಕ್ಕೂ ದಾರಿ ಬೇರೆ. ಮೊದಲು ಮೆಲ್ಲಿಫೆರಾ ನೋಡೋಣ.

ಸಿಂಪಡಣೆಯ ಸಾವು ಹೀಗಿರುವುದಿಲ್ಲ. ಅದರಲ್ಲಿ ಒಂದೆರಡು ದಿನದೊಳಗೆ ಬಾಗಿಲ ಮುಂದೆ ಬೆಳೆದ ಜೇನುನೊಣಗಳ ರಾಶಿ ಬೀಳುತ್ತದೆ, ಬಹಳಷ್ಟು ನೊಣಗಳ ನಾಲಗೆ ಹೊರಚಾಚಿರುತ್ತದೆ, ರೆಕ್ಕೆ ಮಾತ್ರ ಸರಿಯಾಗಿರುತ್ತದೆ. ನಿಮ್ಮಲ್ಲಿ ಕೆಟ್ಟಿರುವುದು ಆಗ ತಾನೇ ಕೋಣೆಯಿಂದ ಹೊರಬಂದ ನೊಣ, ಅದೂ ದಿನಕ್ಕಿಷ್ಟರಂತೆ. ಅಂದರೆ ಪೆಟ್ಟು ಬಿದ್ದದ್ದು ಮುಚ್ಚಳದ ಒಳಗೆ, ಗೂಡುಹುಳುವಿನ (ಪ್ಯೂಪಾ) ಹಂತದಲ್ಲಿ. ಅಲ್ಲಿಗೆ ಹೋಗಿ ಚುಚ್ಚುವುದು ವರ್ರೋವಾ ನುಸಿ, ನೊಣದ ಮೈಗೆ ಅಂಟಿ ಬದುಕುವ ಸಣ್ಣ ಜೀವಿ.

ಬೇರೇನೂ ಮಾಡುವ ಮುಂಚೆ ನುಸಿ ಎಣಿಸಿ. ಅಗಲ ಬಾಯಿಯ ಅರ್ಧ ಲೀಟರ್ ಬಾಟಲಿ ತಗೊಂಡು ಮುಚ್ಚಳ ಕತ್ತರಿಸಿ 3 ಮಿಲಿಮೀಟರ್ ಕಣ್ಣಿನ ಜಾಲರಿ ಕೂಡಿಸಿ. ರಾಣಿ ಯಾವ ಎರಿಯ ಮೇಲಿದೆ ಎಂದು ಮೊದಲು ಕಂಡುಕೊಂಡು ಅದನ್ನು ಬದಿಗಿಡಿ. ಮರಿ ಇರುವ ಬೇರೆ ಎರಿಯಿಂದ ನೊಣಗಳನ್ನು ಬುಟ್ಟಿಗೆ ಜಾಡಿಸಿ ಅರ್ಧ ಕಪ್, ಅಂದರೆ ಸುಮಾರು 120 ಮಿಲಿ ಅಳತೆ ಬಾಟಲಿಗೆ ಸುರಿಯಿರಿ. ಅದು ಹೆಚ್ಚುಕಡಿಮೆ 300 ನೊಣ. 2 ದೊಡ್ಡ ಚಮಚ ಪುಡಿಸಕ್ಕರೆ ಜಾಲರಿಯ ಮೇಲಿಂದ ಹಾಕಿ ಹೊರಳಾಡಿಸಿ, 2 ನಿಮಿಷ ನೆರಳಿನಲ್ಲಿ ಬಿಡಿ, ಆಮೇಲೆ ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಪೂರ್ತಿ 1 ನಿಮಿಷ ಜೋರಾಗಿ ಅಲ್ಲಾಡಿಸಿ. ತಟ್ಟೆಗೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕಂದುಕೆಂಪು ನುಸಿ ಉಳಿಯುತ್ತದೆ. ನೊಣಗಳನ್ನು ವಾಪಸ್ ಬಿಡಿ, ಸಾಯುವುದಿಲ್ಲ.

300ಕ್ಕೆ 9 ಬಂದರೆ ನೂರಕ್ಕೆ 3 ಆಯಿತು. ಅಲ್ಲಿಂದ ಮೇಲೆ ಕಾಯುವ ಮಾತಿಲ್ಲ. ರೋಗ ಕಾಣುವ ಪೆಟ್ಟಿಗೆ ಎರಡು, ಕಾಣದ ಪೆಟ್ಟಿಗೆ ಎರಡು ನೋಡಿ. ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ: ಮೇಲಿನ ಜೇನುಕೋಣೆಯ ನೊಣ ತೆಗೆದುಕೊಳ್ಳುವುದು (ಅಲ್ಲಿ ನುಸಿ ಕಡಿಮೆ), ಒದ್ದೆ ಬಾಟಲಿ ಬಳಸುವುದು (ಸಕ್ಕರೆ ಅಂಟಾಗಿ ನುಸಿ ಉದುರುವುದಿಲ್ಲ).

ಬಳ್ಳಾರಿಜಾಲಿ | 3 ಮಾರ್ಚ್, ರಾತ್ರಿ 10.40

ಇನ್ನೊಂದು ಪರೀಕ್ಷೆ ಸೇರಿಸ್ರಿ. ನಮ್ಮ ಕಡೆ ನೀರಿನ ಟ್ಯಾಂಕ್‌ಗೆ, ಆಲದ ಮರಕ್ಕೆ ಹೆಜ್ಜೇನು ಕಟ್ಟೇ ಇರತಾವ. ಅದರಿಂದ ಟ್ರೋಪಿಲೇಲಾಪ್ಸ್ ಅನ್ನೋ ಇನ್ನೊಂದು ನುಸಿ ಮೆಲ್ಲಿಫೆರಾಕ್ಕ ಬರತೈತಿ. ಅದೂ ಇದೇ ವೈರಸ್ ಹೊತ್ತು ತರತೈತಿ. ಸಕ್ಕರೆ ಪರೀಕ್ಷೆಯಾಗ ಸರಿಯಾಗಿ ಸಿಗಂಗಿಲ್ಲ, ಯಾಕಂದ್ರ ಅದು ದೊಡ್ಡ ಹುಳದ ಮೈಮ್ಯಾಲ ಇರೋದೇ ಕಡಿಮೆ. ಹುಳ ಜಾಡಿಸಿದ ಮರಿ ಎರಿಯನ್ನ ಬಿಳಿ ತಟ್ಟಿ ಮ್ಯಾಲ ನಾಕು ಸಲ ಜೋರಾಗಿ ಕುಟ್ಟರಿ. ಏಡಿಯಂಗ ಅಗಲ ಇದ್ದು ನಿಧಾನ ನಡೆದರ ವರ್ರೋವಾ. ಸಣ್ಣಗ ಉದ್ದಕ್ಕಿದ್ದು ಭರ್ರನ ಓಡಿದರ ಟ್ರೋಪಿ.

ಕುಷ್ಟಗಿ_ಪೆಟ್ಟಿಗೆ | 5 ಮಾರ್ಚ್, ಸಂಜೆ 7.30

ಎಣಿಸಿದೆ. ತೆವಳೋ ಪೆಟ್ಟಿಗೆ: 21 ಮತ್ತು 17. ಚಲೋ ಕಾಣೋ ಪೆಟ್ಟಿಗೆ: 11 ಮತ್ತು 4. ಓಡೋ ನುಸಿ ಸಿಗಲಿಲ್ಲ.

ಎಲ್ಲಾ ಪೆಟ್ಟಿಗೆ ಒಂದೇ ಸಾಲಿನಾಗ, ಒಂದೇ ದಿಕ್ಕಿಗೆ, ನಡುವ ಎರಡು ಗೇಣು ಅಂತರ. ಸೂರ್ಯಕಾಂತಿ ಜೇನು ಪೂರ್ತಿ ತೆಗೆದೀನಿ. ಡಿಸೆಂಬರ್‌ನಾಗ ಬೇರೆಯವರ ಕಡೆಯಿಂದ ಮರಿ ಇದ್ದ 6 ಎರಿ ತಂದು ಸಣ್ಣ ಕುಟುಂಬಗಳಿಗೆ ಕೊಟ್ಟಿದ್ದೆ. ಸೂರ್ಯಕಾಂತಿಯಾಗ ಇಷ್ಟು ಜೋರಿದ್ದ ಹುಳ ಒಮ್ಮೆಲೇ ಯಾಕ ಹಿಂಗಾದವು?

ಎರಿಹೊಲ | 5 ಮಾರ್ಚ್, ರಾತ್ರಿ 9.20

ಒಮ್ಮೆಲೇ ಆದದ್ದಲ್ಲ, ಈಗ ಕಂಡದ್ದು ಅಷ್ಟೇ. ಈ ವೈರಸ್ ಗಟ್ಟಿಮುಟ್ಟಾದ ಕುಟುಂಬದಲ್ಲೂ ಅಲ್ಪಸ್ವಲ್ಪ ಇರುತ್ತದೆ. ಬಾಯಿಂದ ಹೊಟ್ಟೆಗೆ ಹೋದಾಗ ಹೆಚ್ಚಿನ ಹಾನಿ ಮಾಡುವುದಿಲ್ಲ. ನುಸಿ ಗೂಡುಹುಳುವಿನ ಮೈ ಚುಚ್ಚಿ ನೇರ ಒಳಕ್ಕೆ ಇಳಿಸಿದಾಗ ರೆಕ್ಕೆ ಮುದುಡುತ್ತದೆ. ಹವಾಯಿ ದ್ವೀಪಗಳಿಗೆ 2007ರ ಹೊತ್ತಿಗೆ ವರ್ರೋವಾ ಬಂದಾಗ ಇದು ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು: ನುಸಿ ಇಲ್ಲದ ಕಾಲದಲ್ಲಿ ಹತ್ತರಲ್ಲೊಂದು ಕುಟುಂಬದಲ್ಲಿ ಸಿಗುತ್ತಿದ್ದ ವೈರಸ್, ನುಸಿ ಬಂದ ಮೇಲೆ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಕ್ಕಿತು.

ಇನ್ನು ಸೂರ್ಯಕಾಂತಿಯ ಲೆಕ್ಕ. ಹೂವಿನ ಕಾಲದಲ್ಲಿ ಮರಿ ಹೆಚ್ಚು, ನುಸಿಯೂ ಅದರ ಜೊತೆ ಬೆಳೆಯುತ್ತದೆ, ಆದರೆ ಹಂಚಿಹೋಗುತ್ತದೆ. ಹೂ ಮುಗಿದ ಕೂಡಲೇ ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ. ಮರಿ ಅರ್ಧಕ್ಕಿಳಿದರೂ ನುಸಿ ಇದ್ದಷ್ಟೇ ಇರುತ್ತದೆ. ಒಂದು ಕೋಣೆಗೆ ಒಂದು ನುಸಿ ಇದ್ದಲ್ಲಿ ಎರಡು ಮೂರು ಹೊಗುತ್ತವೆ. ಜೇನು ತೆಗೆದ ಮೂರು ನಾಲ್ಕು ವಾರಕ್ಕೆ ತೆವಳುವ ನೊಣ ಕಾಣುವುದು ಅದಕ್ಕೇ.

ಅದರ ಮೇಲೆ ನೀವು ಬರೆದಿರುವ ಒಂದೊಂದೂ ಸೇರಿಕೊಂಡಿದೆ. ಹೊರಗಿನಿಂದ ತಂದ ಮರಿ ಎರಿ ಎಲ್ಲಕ್ಕಿಂತ ದೊಡ್ಡದು. ಮುಚ್ಚಿದ ಮರಿ ತಂದಿರಿ ಎಂದರೆ ನುಸಿಯನ್ನು ಕೋಣೆ ಸಮೇತ ತಂದಂತೆ. ಒಂದೇ ಸಾಲು, ಒಂದೇ ದಿಕ್ಕು ಇದ್ದಾಗ ನೊಣ ಮನೆ ತಪ್ಪಿ ಪಕ್ಕದ ಪೆಟ್ಟಿಗೆ ಹೊಗುತ್ತದೆ, ಮೈಮೇಲೆ ನುಸಿ ಹೊತ್ತುಕೊಂಡೇ. ಸಾಲಿನ ಎರಡು ತುದಿಯ ಪೆಟ್ಟಿಗೆಗಳನ್ನು ಎಣಿಸಿ ನೋಡಿ, ಅಲ್ಲಿಗೇ ಹೆಚ್ಚು ನೊಣ ಜಾರಿರುತ್ತವೆ. ಜೇನು ಪೂರ್ತಿ ತೆಗೆದದ್ದರಿಂದ ಹಸಿವು, ಹಸಿವಿನಿಂದ ಕಳ್ಳತನ. ನುಸಿಯಿಂದ ಕುಸಿದ ಪೆಟ್ಟಿಗೆಯನ್ನು ಗಟ್ಟಿ ಪೆಟ್ಟಿಗೆಯ ನೊಣ ಲೂಟಿ ಮಾಡುತ್ತದೆ, ಜೇನಿನ ಜೊತೆ ನುಸಿಯನ್ನೂ ಮನೆಗೆ ತರುತ್ತದೆ. ಚಲೋ ಕಾಣುವ ಪೆಟ್ಟಿಗೆಯಲ್ಲಿ 11 ಬಂದದ್ದು ಹೀಗಿರಬಹುದು.

ಪರಾಗದ ವಿಷಯವೂ ಇದೆ. ಸೂರ್ಯಕಾಂತಿ ಪರಾಗದಲ್ಲಿ ಪ್ರೋಟೀನ್ ಕಡಿಮೆ. ಒಂದೂವರೆ ತಿಂಗಳು ಅದೊಂದನ್ನೇ ತಿಂದು ಬೆಳೆದ ನೊಣಕ್ಕೆ ರೋಗ ತಡೆಯುವ ಕಸುವು ಇರುವುದಿಲ್ಲ. ಗಂಗಾವತಿ, ಸಿಂಧನೂರಿನ ಭತ್ತದ ಬಯಲಿಗೆ ಒಯ್ದರೆ ಇನ್ನೂ ಕಷ್ಟ: ಕಣ್ಣಿಗೆ ಹಸಿರು, ನೊಣಕ್ಕೆ ಬರಗಾಲ. ಇನ್ನು ಮೆಣಸಿನಕಾಯಿ ಹೊಲದ ಇಮಿಡಾಕ್ಲೋಪ್ರಿಡ್ ಗುಂಪಿನ ಕೀಟನಾಶಕ ನೊಣವನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿದ್ದರೂ ಅದರ ರೋಗನಿರೋಧಕ ಶಕ್ತಿ ತಗ್ಗಿಸಿ ಈ ವೈರಸ್ ಬೆಳೆಯಲು ಬಿಡುತ್ತದೆ. ನೀವು ಕೇಳಿದ ಔಷಧಿಯ ಪ್ರಶ್ನೆಗೆ ಪೂರ್ತಿ 'ಇಲ್ಲ' ಎನ್ನಲಾಗದ್ದು ಅದಕ್ಕೆ.

ತುಂಗೆಯದಂಡೆ | 5 ಮಾರ್ಚ್, ರಾತ್ರಿ 9.55

ಹಾಗಾದರೆ 85% ಫಾರ್ಮಿಕ್ ಆಮ್ಲ, ದಿನಕ್ಕೆ 5 ಮಿಲಿ ಬತ್ತಿಯಲ್ಲಿ, 15 ದಿನ ಇಟ್ಟರೆ ಮುಗಿಯಿತಲ್ಲ? ಮುಚ್ಚಿದ ಮರಿಯೊಳಗಿನ ನುಸಿಗೂ ತಟ್ಟುವುದು ಅದೊಂದೇ.

ಎರಿಹೊಲ | 5 ಮಾರ್ಚ್, ರಾತ್ರಿ 10.30

ಡಿಸೆಂಬರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಕೊಪ್ಪಳದಲ್ಲಿ ಮಧ್ಯಾಹ್ನ 36 ಡಿಗ್ರಿ ಮುಟ್ಟುತ್ತಿದೆ. 30 ದಾಟಿದರೆ ಆವಿ ಒಮ್ಮೆಗೇ ಎದ್ದು ಎಳೆ ಮರಿ ಸಾಯುತ್ತದೆ, ಎಷ್ಟೋ ಸಲ ರಾಣಿಯೂ ಹೋಗುತ್ತದೆ. ಥೈಮಾಲ್‌ಗೂ (ಓಮದ ಸತ್ವದ ನುಸಿ ಔಷಧಿ) ಇದೇ ತೊಡಕು. ಈ ಬಿಸಿಲಿಗೆ ಉಳಿಯುವ ದಾರಿ ಮರಿ ನಿಲ್ಲಿಸಿ ಆಕ್ಸಾಲಿಕ್ ಆಮ್ಲ ಹನಿಸುವುದು.

ದಿನ 1: ರಾಣಿಯನ್ನು ಪಂಜರಕ್ಕೆ ಹಾಕಿ ಮಧ್ಯದ ಎರಡು ಎರಿಗಳ ನಡುವೆ ಇಡಿ. ನೊಣ ಪಂಜರದ ಸುತ್ತ ಬಂದು ಉಣಿಸುವಂತಿರಬೇಕು.

ದಿನ 9: ಎಲ್ಲ ಎರಿಯನ್ನೂ ನೊಣ ಜಾಡಿಸಿ ನೋಡಿ, ಹೊಸ ರಾಣಿಕೋಣೆ ಕಟ್ಟಿದ್ದರೆ ಕಿತ್ತುಹಾಕಿ. ಇದನ್ನು ಬಿಟ್ಟರೆ ಪಂಜರದ ರಾಣಿಯ ಕಥೆ ಮುಗಿಯಿತು. ಗಂಡುನೊಣದ ಮುಚ್ಚಿದ ಮರಿ ಕಂಡರೆ ಚಾಕುವಿನಿಂದ ಕೊಯ್ದು ತೆಗೆಯಿರಿ. ಆಳುನೊಣದ ಮರಿಗಿಂತ ಹಲವು ಪಟ್ಟು ನುಸಿ ಅಲ್ಲೇ ಇರುತ್ತದೆ.

ದಿನ 24: ಆಳುನೊಣ 21ಕ್ಕೆ, ಗಂಡುನೊಣ 24ಕ್ಕೆ ಹೊರಬರುವುದರಿಂದ ಈಗ ಪೆಟ್ಟಿಗೆಯಲ್ಲಿ ಮರಿಯೇ ಇಲ್ಲ. ನುಸಿ ಅಡಗಲು ಜಾಗವಿಲ್ಲ, ಎಲ್ಲ ನೊಣದ ಮೈಮೇಲೆ ಇರುತ್ತವೆ. 600 ಗ್ರಾಂ ಸಕ್ಕರೆಯನ್ನು 600 ಮಿಲಿ ಬೆಚ್ಚನೆ ನೀರಿನಲ್ಲಿ ಕರಗಿಸಿದರೆ ಸುಮಾರು 1 ಲೀಟರ್ ಪಾಕ ಆಗುತ್ತದೆ. ಅದಕ್ಕೆ 35 ಗ್ರಾಂ ಆಕ್ಸಾಲಿಕ್ ಆಮ್ಲದ ಡೈಹೈಡ್ರೇಟ್ (ನೀರಿನಂಶ ಕೂಡಿದ ಹರಳು). ಡಬ್ಬಿಯ ಮೇಲೆ 'ಅನ್‌ಹೈಡ್ರಸ್' (ನೀರಿನಂಶ ಇಲ್ಲದ್ದು) ಎಂದಿದ್ದರೆ 25 ಗ್ರಾಂ ಮಾತ್ರ. ಹೊತ್ತು ಇಳಿದ ಮೇಲೆ ಸಿರಿಂಜ್‌ನಿಂದ ಎರಡು ಎರಿಗಳ ನಡುವಿನ ನೊಣ ತುಂಬಿದ ಸಂದಿಗೆ 5 ಮಿಲಿ. ಒಂದು ಪೆಟ್ಟಿಗೆಗೆ 50 ಮಿಲಿ ಮೀರಬಾರದು. ಒಂದೇ ಸಲ. ಸಾಲದು ಎಂದು ಮತ್ತೆ ಹಾಕಿದರೆ ನೊಣದ ಕರುಳು ಸುಡುತ್ತದೆ. ಜೇನುಕೋಣೆ ಮೇಲಿರಬಾರದು, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಹಾರ್ಡ್‌ವೇರ್ ಅಂಗಡಿಯ ಟೈಲ್ಸ್ ತೊಳೆಯುವ ಪುಡಿ ಬೇಡ, ಪ್ರಯೋಗಾಲಯದ ದರ್ಜೆಯದ್ದು ತನ್ನಿ. ಮರುದಿನ ರಾಣಿ ಬಿಡಿ.

ಲೆಕ್ಕ ಹಾಕಿದರೆ ಇದು ಮಾರ್ಚ್ ಕೊನೆಗೆ ಬರುತ್ತದೆ. ಹೊಂಗೆ, ಬೇವು ಅರಳುವ ಏಪ್ರಿಲ್‌ಗೆ ನುಸಿಯಿಲ್ಲದ ಹೊಸ ಮರಿ ಸಿಗುತ್ತದೆ. 24 ಪೆಟ್ಟಿಗೆಗೂ ಒಟ್ಟಿಗೇ ಮಾಡಿ. 4 ಬಂದ ಪೆಟ್ಟಿಗೆಯನ್ನು ಬಿಟ್ಟರೆ ಮುಂದಿನ ಬಿತ್ತನೆ ಅಲ್ಲಿಂದಲೇ.

ಬಳ್ಳಾರಿಜಾಲಿ | 6 ಮಾರ್ಚ್, ಬೆಳಿಗ್ಗೆ 6.15

ಈ 24 ದಿನ ಹೊಟ್ಟಿಗೆ ಹಾಕದಿದ್ದರ ಮಾಡಿದ್ದೆಲ್ಲ ನೀರಾಗ ಹೋಮ. ಒಂದಕ್ಕೊಂದು ಸಕ್ಕರೆ ಪಾಕ, ಪೆಟ್ಟಿಗೆ ಒಳಗ, ಸಂಜಿಗೆ, ಅರ್ಧ ಲೀಟರ್, ವಾರಕ್ಕ ಎರಡು ಸಲ. ಬಯಲಾಗ ಪರಾತದೊಳಗ ಇಟ್ಟರ ಊರಿನ ಹುಳ ಎಲ್ಲಾ ಕೂಡಿ ರೋಗ ಹಂಚಿಕೋತಾವ. ಬಾಗಿಲು ಎರಡು ಬೆರಳಷ್ಟಕ್ಕ ಸಣ್ಣ ಮಾಡ್ರಿ. ಕೊಬ್ಬು ತೆಗೆದ ಸೋಯಾ ಹಿಟ್ಟು 3 ಪಾಲು, ಒಣ ಈಸ್ಟ್ 1 ಪಾಲು, ಗಟ್ಟಿ ಪಾಕದಾಗ ಚಪಾತಿ ಹಿಟ್ಟಿನಂಗ ಕಲಿಸಿ 100 ಗ್ರಾಂ ಬಿಲ್ಲೆ ಎರಿ ಮ್ಯಾಲ ಇಡ್ರಿ. ನಾಕು ದಿನದಾಗ ತಿನ್ನದಿದ್ದರ ತೆಗೀರಿ. ಹಾಲಿನ ಪುಡಿ ಹಾಕೋರು ಅದಾರ, ಆದರ ಹಾಲಿನ ಸಕ್ಕರಿ ಹುಳಕ್ಕ ಅರಗಂಗಿಲ್ಲ. ಬೇರೆಯವರ ಜೇನು, ಪರಾಗ ಮಾತ್ರ ಎಂದೂ ಉಣಿಸಬ್ಯಾಡ್ರಿ.

ಸಾಲು ಒಡೆಯೋದು ಹುಷಾರಿಲೆ. ಅದೇ ತೋಟದಾಗ ಪೆಟ್ಟಿಗೆ ದೂರ ಸರಿಸಿದರ ಹುಳ ಹಳೇ ಜಾಗಕ್ಕ ಬಂದು ಕೂಡತಾವ. ದಿನಕ್ಕ ಎರಡು ಅಡಿ ಸರಿಸ್ರಿ, ಇಲ್ಲಾ ಮುಂದಿನ ಸಲ 3 ಕಿಲೋಮೀಟರ್ ಆಚೆ ಒಯ್ದಾಗ ಮೂರು ಮೂರರ ಗುಂಪು ಮಾಡಿ ದಿಕ್ಕು ಬದಲಿಸಿ ಇಡ್ರಿ. ಬಾಗಿಲಿಗೆ ಹಳದಿ, ನೀಲಿ, ಬಿಳಿ ಬಣ್ಣ. ಕೆಂಪು ಹುಳಕ್ಕ ಕಾಣಂಗಿಲ್ಲ.

ತುಡುವೆಗೂಡು | 6 ಮಾರ್ಚ್, ಬೆಳಿಗ್ಗೆ 8.00

ತುಡುವೆಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಅಲ್ಲಿ ನುಸಿ ಎಣಿಸಿ ಪ್ರಯೋಜನವಿಲ್ಲ. ವರ್ರೋವಾ ಮೂಲದಲ್ಲಿ ತುಡುವೆಯದೇ ನುಸಿ, ತುಡುವೆ ಅದನ್ನು ಮೈ ಉಜ್ಜಿ ತೆಗೆಯುತ್ತದೆ, ನುಸಿ ಹೆಚ್ಚಾಗಿ ಗಂಡುಮರಿಯಲ್ಲೇ ಉಳಿಯುತ್ತದೆ. ಚೀಲಮರಿ ರೋಗ ಹರಡುವುದು ಬಾಯಿಂದ ಬಾಯಿಗೆ. ಸತ್ತ ಮರಿಯನ್ನು ಸ್ವಚ್ಛ ಮಾಡಿದ ಎಳೆ ನೊಣವೇ ಮುಂದಿನ ಮರಿಗೆ ಹಾಲೂಡುತ್ತದೆ (ನೊಣ ತನ್ನ ಮೈಯಲ್ಲೇ ಸ್ರವಿಸುವ ಮರಿಯ ಆಹಾರ), ವೈರಸ್ ಆ ಹಾಲಿನಲ್ಲಿರುತ್ತದೆ. ಆದ್ದರಿಂದ ಉಣಿಸಲು ಮರಿಯೇ ಇಲ್ಲದಂತೆ ಮಾಡಬೇಕು.

ರಾಣಿಯನ್ನು 14 ದಿನ ಪಂಜರದಲ್ಲಿಡಿ. ರೋಗದ ಎರಿ ಕೊಯ್ದು ಕರಗಿಸಿ, ಬೇರೆ ಪೆಟ್ಟಿಗೆಗೆ ಕೊಡಬೇಡಿ. ನೊಣ ಮುಚ್ಚುವಷ್ಟು ಎರಿ ಮಾತ್ರ ಉಳಿಸಿ. ದಿನ ಬಿಟ್ಟು ದಿನ ಸಂಜೆ 200 ಮಿಲಿ ಪಾಕ. ತುಡುವೆಗೆ ಹಸಿವಾದರೆ ಗೂಡು ಬಿಟ್ಟು ಹಾರಿಹೋಗುತ್ತದೆ. ಉಳಿದ ಎರಡು ಪೆಟ್ಟಿಗೆ ಮೊದಲು ತೆರೆಯಿರಿ, ರೋಗದ್ದು ಕೊನೆಗೆ, ನಡುವೆ ಕೈ ಮತ್ತು ಚಿಮಟ ಸೋಪಿನಿಂದ ತೊಳೆಯಿರಿ. ಈ ವರ್ಷ ಆ ಕುಟುಂಬದಿಂದ ಪಾಲು ಮಾಡಬೇಡಿ, ಯಾರಿಗೂ ಕೊಡಬೇಡಿ. 1991-92ರಲ್ಲಿ ದಕ್ಷಿಣದ ತುಡುವೆಯಲ್ಲಿ ಬಹುಪಾಲು ಈ ರೋಗಕ್ಕೇ ಹೋದದ್ದು. ಮುಂದೆ ರಾಣಿ ಎಬ್ಬಿಸುವಾಗ ರೋಗ ಪಕ್ಕದಲ್ಲೇ ಇದ್ದರೂ ತಗುಲದ ಕುಟುಂಬದಿಂದ ಎಬ್ಬಿಸಿ.

ಕುಷ್ಟಗಿ_ಪೆಟ್ಟಿಗೆ | 2 ಏಪ್ರಿಲ್, ರಾತ್ರಿ 8.45

30ಕ್ಕ ಆಕ್ಸಾಲಿಕ್ ಹಾಕಿದೆ, 31ಕ್ಕ ರಾಣಿ ಬಿಟ್ಟೆ. ಇವತ್ತಿನ ಎಣಿಕೆ ಮೊದಲಿನ ನಾಕು ಪೆಟ್ಟಿಗೆಯಾಗ 2, 1, 1, 0. ಎರಡು ಪೆಟ್ಟಿಗೆ ಮಾತ್ರ ಎರಡೇ ಎರಿ ಹುಳಕ್ಕ ಇಳದಾವ. ಅವನ್ನ ಬೇರೆದಕ್ಕ ಕೂಡಿಸಲ್ಯಾ? ಕಪ್ಪಾದ ಎರಿ ಮತ್ತ ಬಳಸಬಹುದಾ?

ಎರಿಹೊಲ | 2 ಏಪ್ರಿಲ್, ರಾತ್ರಿ 9.30

ಅವೆರಡನ್ನೂ ಒಂದಕ್ಕೊಂದು ಕೂಡಿಸಿ, ಗಟ್ಟಿ ಪೆಟ್ಟಿಗೆಗೆ ಬೇಡ. ಎರಡರಲ್ಲಿ ಹಳೆಯ ರಾಣಿ ತೆಗೆದು ನಡುವೆ ದಿನಪತ್ರಿಕೆಯ ಒಂದು ಹಾಳೆ ಇಟ್ಟು ಸಂಜೆ ಮೇಲೆ ಕೆಳಗೆ ಜೋಡಿಸಿ, ಹಾಳೆಗೆ ಮೊಳೆಯಿಂದ ನಾಲ್ಕು ತೂತು ಸಾಕು. ಬೆಳಕಿಗೆ ಹಿಡಿದಾಗ ಬೆಳಕು ದಾಟದ ಎರಿ ಕರಗಿಸಿ, ಉಳಿದದ್ದು ಬಳಸಬಹುದು. ಇನ್ನು ಕಾಲುವೆ ನೀರು ನಿಲ್ಲುವ ಹೊತ್ತಾಯಿತು. ಪೆಟ್ಟಿಗೆ ಬೇವಿನ ನೆರಳಿಗೆ ಬರಲಿ, ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಟ್ಟು ದಿನಾ ಬದಲಿಸಿ. ಮುಂದಿನ ಎಣಿಕೆ ಮೇ ಮೊದಲ ವಾರ, ಆಗ 6 ದಾಟಿದ್ದರೆ ಇಲ್ಲೇ ಬರೆಯಿರಿ.