ಬೇರೆಯವರ ಡಬ್ಬಿ ಮುಟ್ಟಬೇಡ ಎನ್ನು ಮಾಣಿಗೆ

ಕೂಸೇ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ಈಗ ನೋಡಿದೆ. ಅಷ್ಟು ಸಣ್ಣ ಅಕ್ಷರ ಒತ್ತುತ್ತಾ ಕೂರಲು ನನ್ನಿಂದಾಗದು, ಬಾಯಲ್ಲೇ ಹೇಳುತ್ತೇನೆ. ಉದ್ದವಾದರೆ ಬೈದುಕೊಳ್ಳಬೇಡ. ಮಾಣಿ, ನಮ್ಮ ಮನೆಯ ಹುಡುಗ, ಎರಡು ತಿಂಗಳು ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್ ಎಂದು ಬೆನ್ನಿಗೆ ಚೀಲ ಕಟ್ಟಿಕೊಂಡು ಸುತ್ತಿ ಈಗ ಹೊರಟಿದ್ದಾನೆ, ನಾಳೆ ಬ್ಯಾಂಕಾಕಿನಿಂದ ವಿಮಾನ, ಬೆಂಗಳೂರಿಗೆ ಇಳಿಯುವಾಗ ರಾತ್ರಿ ಹನ್ನೆರಡೂವರೆ, ಕೈಯಲ್ಲಿ ದುಡ್ಡಿಲ್ಲ, ಸಾಗರಕ್ಕೆ ಹೇಗೆ ಬರುವುದು ಎಂದು ಕೇಳಿದ್ದೀಯ. ದಾರಿಯ ಮಾತು ಆಮೇಲೆ. ಮೊದಲು ಇದನ್ನು ಅವನಿಗೆ ಮುಟ್ಟಿಸು: ಹೊರಡುವಾಗ ಯಾರೇ ಏನೇ ಕೊಟ್ಟರೂ, ಒಂದು ಸೋಪಿನ ಡಬ್ಬಿಯನ್ನೂ ಅವನು ಹಿಡಿದುಕೊಳ್ಳಬಾರದು.

ನನ್ನ ಲಂಕೆಯ ಕಥೆ ನಿಮಗೆಲ್ಲ ಗೊತ್ತು, ಆದರೆ ಗೊತ್ತಿರುವುದು ಅರ್ಧ. 1982ರ ಜನವರಿ. ಆಗ ರಾಮೇಶ್ವರದಿಂದ ತಲೈಮನ್ನಾರಿಗೆ ಹಡಗು ಓಡಾಡುತ್ತಿತ್ತು. ಹದಿನೆಂಟು ದಿನ ಅನುರಾಧಪುರ, ಕ್ಯಾಂಡಿ ಎಂದು ಸುತ್ತಿದೆ. ಬ್ರೆಡ್ಡಿಗೆ ಕಾಯಿತುರಿಯ ಖಾರ ಹಚ್ಚಿಕೊಂಡು ತಿಂದದ್ದೇ ಊಟ. ವಾಪಸು ಹಡಗಿನಲ್ಲಿ ಬಿಳಿ ಪಂಚೆಯ ಒಬ್ಬ ಯಜಮಾನ ಪಕ್ಕದಲ್ಲಿ ಕುಳಿತ. ನಾನು ಶಿವಮೊಗ್ಗ ಜಿಲ್ಲೆಯವನು ಎಂದು ತಿಳಿದದ್ದೇ ತಡ, ಕನ್ನಡದಲ್ಲೇ ಶುರು ಮಾಡಿದ. ಭದ್ರಾವತಿಯಲ್ಲಿ ಐದು ವರ್ಷ ಇದ್ದನಂತೆ, ಕಾರ್ಖಾನೆಯ ಸೈರನ್ನು ಈಗಲೂ ಕಿವಿಯಲ್ಲಿದೆಯಂತೆ. ಪರಊರಿನಲ್ಲಿ ನಮ್ಮ ಮಾತು ಕೇಳಿದರೆ ಮನಸ್ಸು ಕರಗಿಬಿಡುತ್ತದೆ, ಕೂಸೇ. ದಡ ಹತ್ತಿರ ಬಂದಾಗ ಒಂದು ಹಾಲಿನ ಪುಡಿಯ ಡಬ್ಬಿಯನ್ನು ನನ್ನ ಮಡಿಲಿಗಿಟ್ಟ. 'ಲವಂಗ ಇದೆ ತಮ್ಮಾ, ನನ್ನ ಸಾಮಾನು ಹೆಚ್ಚಾಗಿದೆ, ಆಚೆ ಹೋದ ಮೇಲೆ ತೆಗೆದುಕೊಳ್ಳುತ್ತೇನೆ.' ಮುಚ್ಚಳ ತೆಗೆದು ನೋಡಿದೆ. ಲವಂಗವೇ ಇತ್ತು, ಘಮ ಮೂಗಿಗೆ ಅಡರಿತು.

ಸುಂಕದ ಅಧಿಕಾರಿಯ ಕೈಯಲ್ಲಿ ಸೈಕಲ್ ಚಕ್ರದ ಒಂದು ಕಡ್ಡಿ ಇತ್ತು. ಅದನ್ನು ಡಬ್ಬಿಯೊಳಗೆ ನಿಧಾನವಾಗಿ ಇಳಿಸಿದರು. ಅರ್ಧ ಇಳಿಯಿತು, ಟಣ್ ಎಂದಿತು. ಮೇಜಿನ ಮೇಲೆ ಲವಂಗ ಸುರಿದರೆ ಅದರ ಜೊತೆ ಬಟ್ಟೆಯಲ್ಲಿ ಸುತ್ತಿದ ಏಳು ಕೈಗಡಿಯಾರ. ಪಂಚೆಯವನು ನನ್ನ ಪಕ್ಕದಲ್ಲೇ ಹಾದು ಹೋದ, ತಿರುಗಿ ಸಹ ನೋಡಲಿಲ್ಲ. ಡಬ್ಬಿ ನನ್ನ ಚೀಲದಲ್ಲಿತ್ತು, ಆದ್ದರಿಂದ ನನ್ನದು. ಅಧಿಕಾರಿ ರಸೀದಿ ಕೊಟ್ಟೇ ದಂಡ ಹಾಕಿದರು, ಅವರದೇನೂ ತಪ್ಪಿಲ್ಲ. ದಂಡ ಕಟ್ಟಿದ ಮೇಲೆ ಉಳಿದದ್ದು ಹದಿನಾಲ್ಕು ರೂಪಾಯಿ. ರಾಮೇಶ್ವರ ಇರುವುದು ದ್ವೀಪದಲ್ಲಿ, ಅಲ್ಲಿಯ ಪಾಂಬನ್‌ಗೆ ರಸ್ತೆಯ ಸೇತುವೆ ಬಂದದ್ದು 1988ರಲ್ಲಿ. ಆಗ ದ್ವೀಪ ದಾಟಲು ರೈಲೊಂದೇ ಗತಿ, ನಡೆದಾದರೂ ಹೋಗೋಣ ಎನ್ನುವಂತಿರಲಿಲ್ಲ.

ಅಂದು ಅದು ಗಡಿಯಾರ, ದಂಡಕ್ಕೆ ಮುಗಿಯಿತು. ಇವತ್ತು ಬ್ಯಾಂಕಾಕಿನ ವಿಮಾನದಲ್ಲಿ ಬಂದವರ ಚೀಲದಲ್ಲಿ ಗಾಂಜಾ ಸಿಕ್ಕಿತು ಎಂದು ಪೇಪರಿನಲ್ಲಿ ಮತ್ತೆ ಮತ್ತೆ ಓದುತ್ತೇವಲ್ಲ. ಥಾಯ್ಲೆಂಡಿನವರು 2022ರಲ್ಲಿ ಅದನ್ನು ನಿಷೇಧದ ಪಟ್ಟಿಯಿಂದ ತೆಗೆದರು, ಮಿಠಾಯಿಯಲ್ಲೂ ಬೆರೆಸಿ ಮಾರಿದರು. ನಮ್ಮಲ್ಲಿ ಮಾದಕ ವಸ್ತುಗಳ 1985ರ ಕಾಯ್ದೆ ಹಾಗೆಯೇ ಇದೆ. ದೊಡ್ಡ ಪ್ರಮಾಣದಲ್ಲಿ ಸಿಕ್ಕಿ ಅಪರಾಧ ಸಾಬೀತಾದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಒಳಗೇನಿದೆ ಎಂದು ನನಗೆ ಗೊತ್ತಿರಲಿಲ್ಲ ಎಂಬುದನ್ನು ತೋರಿಸಿಕೊಡುವ ಹೊಣೆಯೂ ಸಿಕ್ಕಿಬಿದ್ದವನದೇ. ಆದ್ದರಿಂದ ಮತ್ತೆ ಹೇಳುತ್ತೇನೆ, ಎಷ್ಟೇ ಒಳ್ಳೆಯ ಜೊತೆಗಾರನಾಗಲಿ, ಒಂದೇ ಕೋಣೆಯಲ್ಲಿ ತಿಂಗಳು ಮಲಗಿದವನಾಗಲಿ, ಬೇರೆಯವರ ಡಬ್ಬಿಯನ್ನು ಮುಟ್ಟಬಾರದು. ಚೀಲವನ್ನು ಅವನೇ ತುಂಬಲಿ.

ತಡೆ, ಕುಕ್ಕರ್ ಕೂಗಿತು. ಎಲ್ಲಿದ್ದೆ? ಹಾಂ, ಹದಿನಾಲ್ಕು ರೂಪಾಯಿ. ಅದರಲ್ಲೇ ಮನೆಗೆ ಟೆಲಿಗ್ರಾಂ ಕೊಟ್ಟೆ. ಅಡಿಕೆಯ ಕೊನೆ ಕೊಯ್ಲಿನ ಸಮಯ. ನಿನ್ನ ಅಪ್ಪಯ್ಯ, ಅಂದರೆ ನನ್ನ ಅಣ್ಣಯ್ಯ, ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತೋಟದಲ್ಲಿ ತಿರುಗಿದ! ಅಣ್ಣಯ್ಯನೂ ಈ ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ನಾನು ಅಷ್ಟು ದಿನವೂ ಅಲ್ಲಿ ಛತ್ರದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಕೊನೆಗೆ ಇನ್ನೂರು ರೂಪಾಯಿ ಮನಿ ಆರ್ಡರ್ ಬಂತು. ಹನ್ನೆರಡು ವರ್ಷದ ನಂತರ ಆಸ್ತಿಯ ಹಿಸ್ಸೆಗೆ ಕುಳಿತಾಗ ಆ ಇನ್ನೂರನ್ನು ಬಡ್ಡಿ ಸಮೇತ ನನ್ನ ಲೆಕ್ಕಕ್ಕೆ ಬರೆಸಿದ ಪುಣ್ಯಾತ್ಮ. ಜೇಬಿನಲ್ಲಿದ್ದ ನಾಲ್ಕು ದಿನಕ್ಕೆ ಬಡ್ಡಿ ಯಾರು ಕೊಡಬೇಕು? ಮೊನ್ನೆ ಉಪನಯನದಲ್ಲೂ ಪಂಕ್ತಿಯ ನಡುವೆ, 'ಲಂಕೆಗೆ ಹಾರಿ ತನ್ನ ಬಾಲವನ್ನೇ ಸುಟ್ಟುಕೊಂಡು ಬಂದ ಹನುಮಂತ' ಎಂದು ನನ್ನನ್ನು ತೋರಿಸಿ ನಗಿಸಿದ. ಎಲ್ಲರೂ ನಕ್ಕಿರಿ. ನೀನೂ ನಕ್ಕೆ, ನಾನು ನೋಡಿದೆ.

ಇರಲಿ. ನೀನು ಕೇಳಿದ್ದು ದಾರಿ. ತಾಳಗುಪ್ಪದ ರಾತ್ರಿ ರೈಲು ಅವನಿಗೆ ಸಿಗುವುದಿಲ್ಲ, ಅಷ್ಟರಲ್ಲಿ ಅದು ಬೆಂಗಳೂರು ಬಿಟ್ಟಿರುತ್ತದೆ. ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಗೆ ವಿಮಾನದಲ್ಲೇ ಬರಲಿ ಎಂದು ಗುಂಪಿನಲ್ಲಿ ಯಾರಾದರೂ ಹೇಳುತ್ತಾರೆ, ಟಿಕೆಟಿನ ದುಡ್ಡನ್ನು ಅವರೇ ಕೊಡಲಿ. ಬೆಳಕಾಗುವವರೆಗೆ ವಿಮಾನ ನಿಲ್ದಾಣದಲ್ಲೇ ಕುಳಿತಿರಲಿ, ಟ್ಯಾಕ್ಸಿಗೆ ಸುರಿಯುವುದು ಬೇಡ. ಬೆಳಿಗ್ಗೆ ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಶಿವಮೊಗ್ಗದ ಬಸ್ಸು, ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿಗೇನು ಬರವೇ. ಇಲ್ಲಿಯ ಸಿಮ್ ಕಾರ್ಡನ್ನು ವಿಮಾನ ಹತ್ತುವ ಮೊದಲೇ ಮೊಬೈಲಿಗೆ ಹಾಕಿಕೊಳ್ಳಲಿ, ನೀನು ಇವತ್ತೇ ಅವನ ಖಾತೆಗೆ ಎರಡು ಸಾವಿರ ಹಾಕು. ನಾಲ್ಕು ದಿನ ಜೇಬಿನಲ್ಲಿಟ್ಟುಕೊಳ್ಳಬೇಡ.

ಸಾಗರದ ನಿಲ್ದಾಣಕ್ಕೆ ನಾನೇ ಸ್ಕೂಟರ್ ತರುತ್ತೇನೆ. ಚೀಲ ಎಷ್ಟು ದೊಡ್ಡದು ಎಂದು ಕೇಳಿ ಹೇಳು, ಕಾಲಿನ ಹತ್ತಿರ ಹಿಡಿಸಬೇಕಲ್ಲ.