ಬೇಗ ನಿವೃತ್ತಿ ತಗೊಂಡವರ ಮನೆ, ಗೆಳೆಯರು: ಡಾಕ್ಟರ್ ಮೇಡಂಗೆ ಕೇಳಿ

ಅಡ್ಮಿನ್: 60ಕ್ಕೆ ಮೊದಲೇ ಕೆಲಸ ಬಿಟ್ಟವರು, ಅವರ ಮನೆಯವರು ಇವತ್ತು ಕೇಳಬಹುದು. ನಮ್ಮ ರಾಯಚೂರಿನ ಮನೋವೈದ್ಯೆ ಮೇಡಂ ಉತ್ತರಿಸುತ್ತಾರೆ.

ಸಿಂಧನೂರು: ನಮಸ್ಕಾರ್ರೀ ಮೇಡಂ. 53ಕ್ಕೆ ವಿಆರ್‌ಎಸ್ ತಗೊಂಡೆ. ಗೆಳೆಯರೆಲ್ಲ ಇನ್ನೂ ಡ್ಯೂಟಿಯಲ್ಲಿದ್ದಾರೆ. ಸಂಜೆ ಒಗ್ಗರಣೆ-ಮಿರ್ಚಿಗೆ ಸೇರಿದರೆ ಬರೀ ಟ್ರಾನ್ಸ್‌ಫರ್, ಡಿಎ ಮಾತು. ಸುಮ್ನೆ ಕೂತು ಎದ್ದು ಬರುತ್ತೇನೆ.

ಡಾಕ್ಟರ್: ಆಫೀಸಿನ ಮಾತಿನಿಂದ ಬೆಳೆದ ಗೆಳೆತನ ಸ್ವಲ್ಪ ಸಡಿಲವಾಗುತ್ತದೆ. ಅವರು ನಿಮ್ಮನ್ನು ಬಿಟ್ಟರು ಅಂತಲ್ಲ. ಒಬ್ಬೊಬ್ಬರನ್ನೇ ಭಾನುವಾರ ಮನೆಗೆ ಕರೆಯಿರಿ. ಇಬ್ಬರೇ ಇದ್ದಾಗ ಬೇರೆ ಮಾತು ಬರುತ್ತದೆ.

ಮಾನ್ವಿ: ನಮ್ಮ ಮನೆಯವರು ಅಡುಗೆಮನೆ ಬಿಟ್ಟು ಕದಲಲ್ಲ. ಎಣ್ಣೆ ಯಾಕೆ ಜಾಸ್ತಿ, ಗ್ಯಾಸ್ ಯಾಕೆ ಉರೀತಿದೆ ಅಂತ ದಿನವಿಡೀ ಕೇಳ್ತಾರೆ.

ಡಾಕ್ಟರ್: ಸಂತೆಯೋ, ಮೊಮ್ಮಗುವನ್ನು ಶಾಲೆಗೆ ಬಿಡುವುದೋ, ಒಂದು ಕೆಲಸ ಪೂರ್ತಿ ಅವರಿಗೇ ಬಿಡಿ. ಅದರಲ್ಲಿ ನೀವು ತಪ್ಪು ಹುಡುಕಬೇಡಿ.

ಶಕ್ತಿನಗರ: ನಮ್ಮವರು ಕೆಲಸ ಬಿಟ್ಟು ನಾಲ್ಕು ತಿಂಗಳು. ಮೂರು ಗಂಟೆಗೇ ಏಳುತ್ತಾರೆ. ಶರ್ಟ್ ಹಾಕಿಕೊಂಡು ಶಿಫ್ಟ್ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಾರೆ. ಅರ್ಧ ರೊಟ್ಟಿಗೇ ಕೈ ತೊಳೀತಾರೆ. ಮೊನ್ನೆ ವಾಚು ಬಿಚ್ಚಿ ಮಗನಿಗೆ ಕೊಟ್ಟರು. ಪಾಸ್‌ಬುಕ್ಕು, ಎಲ್‌ಐಸಿ ಎಲ್ಲಿವೆ ಅಂತ ಚೀಟಿ ಬರೆದಿಟ್ಟಿದ್ದಾರೆ. ಇದು ಬೇಸರ ಅಷ್ಟೇನಾ?

ಡಾಕ್ಟರ್: ಅಕ್ಕಾ, ಇದು ಬರೀ ಬೇಸರ ಅಲ್ಲ. ನಸುಕಿಗೆ ಮೊದಲೇ ಎಚ್ಚರ, ಊಟ ಸೇರದಿರುವುದು ಖಿನ್ನತೆಯ ಲಕ್ಷಣ. ವಾಚು, ಚೀಟಿ ಓದಿ ನನಗೆ ಭಯವಾಯಿತು. ಇವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಹತ್ತಿಗೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ. ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೌದು ಅಂದರೆ ಬೆಳಗಾಗುವುದನ್ನು ಕಾಯದೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆತನ್ನಿ. ಇದಕ್ಕೆ ಚಿಕಿತ್ಸೆ ಇದೆ. ಔಷಧ ಹತ್ತಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಮನೆಯವರೇ ಆಸರೆ.

ಮಸ್ಕಿ: ನಮ್ಮವರೂ ಅಡುಗೆಮನೆಗೆ ಬರ್ತಾರೆ. ಏನು ಮಾಡಲಿ?

ಡಾಕ್ಟರ್: ಮಾನ್ವಿಯವರಿಗೆ ಹೇಳಿದ್ದೇ. ಓದಿ.

ಕವಿತಾಳ: ಫಾರ್ವರ್ಡ್ ಬಂದಿದೆ. ನಿವೃತ್ತರ ಬೇಸರಕ್ಕೆ 21 ದಿನ ಹಾಲಲ್ಲಿ ಅಶ್ವಗಂಧ. ನಿದ್ದೆ ಮಾತ್ರೆ ಬಿಸಾಡಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಅಳಿಸಿ. ಬಹಳ ದಿನ ನುಂಗಿದ ನಿದ್ದೆ ಮಾತ್ರೆ ಒಮ್ಮೆಲೇ ಬಿಟ್ಟರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಯಾರೂ ಬಿಡಬೇಡಿ.

ಕವಿತಾಳ: ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ವಾ ಮೇಡಂ?

ಡಾಕ್ಟರ್: ಹಿರಿಯರು ನಿದ್ದೆ ಮಾತ್ರೆ ಬಿಸಾಡಿ ಅಂತ ಹೇಳಿಲ್ಲ. ಅಳಿಸಿ ಅಂದೆ.

ದೇವದುರ್ಗ: ಗ್ರಾಚ್ಯುಟಿ ಬಂದದ್ದು ಗೊತ್ತಾದ ಕೂಡಲೇ ತಮ್ಮ ಎರಡು ಲಕ್ಷ ಕೈಸಾಲ ಕೇಳಿದ. ಇಲ್ಲ ಅಂದೆ. ಹಬ್ಬಕ್ಕೂ ಬರಲಿಲ್ಲ. ನಾನು ತಪ್ಪು ಮಾಡಿದೆನಾ ಮೇಡಂ?

ಲಿಂಗಸುಗೂರು: ಒಡಹುಟ್ಟಿದವನಿಗೆ ಇಲ್ಲ ಅಂದ್ರೆ ಹೆಂಗಣ್ಣಾ?

ದೇವದುರ್ಗ: ಮಗಳ ಮದುವೆ ಆಗಬೇಕು. ಪೆನ್ಷನ್‌ನಲ್ಲಿ ಎಷ್ಟು ಉಳೀತದೆ ಹೇಳಿ.

ಲಿಂಗಸುಗೂರು: ನೀವು ನೌಕರಿಗೆ ಹೋದಾಗ ಹೊಲ ನೋಡಿದ್ದು ಯಾರು? ನಮ್ಮ ಕಡೆ ತಮ್ಮಂದಿರೇ.

ದೇವದುರ್ಗ: ನನ್ನ ಮನೆ ವಿಷಯ ನಿಮಗೆ ಬೇಡ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಲಿಂಗಸುಗೂರು: ಗುಂಪಲ್ಲಿ ಹಾಕಿದ್ದು ಅವರೇ ಅಲ್ವಾ?

ಡಾಕ್ಟರ್: ಜಗಳ ಪಕ್ಕಕ್ಕಿಡಿ. ಶಕ್ತಿನಗರದ ಅಕ್ಕಾ, ಕೇಳಿದಿರಾ?

ಶಕ್ತಿನಗರ: ಕೇಳಿದೆ ಮೇಡಂ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೌದು ಅಂದು ಅತ್ತರು. ಮಗ ಗಾಡಿ ತರುತ್ತಿದ್ದಾನೆ.

ಡಾಕ್ಟರ್: ರಿಮ್ಸ್ ತುರ್ತು ವಿಭಾಗಕ್ಕೆ ಬನ್ನಿ. ಆ ಚೀಟಿಯನ್ನೂ ತನ್ನಿ. ಹಿಂದಿನ ಸೀಟಿನಲ್ಲಿ ನೀವೇ ಅವರ ಪಕ್ಕ ಕೂರಿ.